ಪಕ್ಕದ ತರಗತಿಯ ಗದ್ದಲ

ಜನವರಿ 8, ಬುಧವಾರ

ರಟ್ಟಿನ ಮೇಲೆ ನಗುವ ಸೂರ್ಯನಿರುವ ಇಂಥ ಹಳದಿ ದಿನಚರಿ ಪುಸ್ತಕವನ್ನು ನಾನಾಗಿ ಎಂದೂ ಕೊಳ್ಳುತ್ತಿರಲಿಲ್ಲ. ಇಂದು ಶಾಲೆ ಬಿಟ್ಟ ಮೇಲೆ ಶಿಕ್ಷಕರನ್ನೆಲ್ಲ ಗ್ರಂಥಾಲಯದಲ್ಲಿ ಕೂರಿಸಿ ತಲೆಗೊಂದರಂತೆ ಹಂಚಿದರು. ಹಂಚಿದವಳ ಹೆಸರು ಶೆಲ್ಬಿ. ಶಿಕ್ಷಕರ ಮನಸ್ಸನ್ನು ನೆಟ್ಟಗಿಡಲು ಜಿಲ್ಲಾ ಕಚೇರಿ ನೇಮಿಸಿಕೊಂಡ ಹೆಂಗಸು. ಇನ್ನು ಮೇಲೆ ಆಗಾಗ ಬರುತ್ತಾಳಂತೆ.

"ಎಲ್ರೂ ಕಣ್ ಮುಚ್ಕೊಂಡು ನಿಧಾನಕ್ಕೆ ಉಸಿರಾಡಿ. ನೀವೊಂದು ತಿಳಿಯಾದ ಸರೋವರ ಅಂದ್ಕೊಳಿ," ಎಂದಳು.

ಪಕ್ಕದಲ್ಲಿ ಕೂತಿದ್ದ ವ್ಯಾಯಾಮದ ಮೇಷ್ಟ್ರು ಬಜ್ ಮ್ರಾಕ್ ನನ್ನ ಕಿವಿಯ ಹತ್ತಿರ ಬಾಗಿ, "ನಮ್ ಸರೋವರ ದಡದ ತನಕ ಹೆಪ್ಪುಗಟ್ಟಿದೆಯಲ್ಲ ಇರ್ಮಾ, ನಾನೂ ಹಾಗೇ ಗಡ್ಡೆ ಕಟ್ಕೊಂಡ್ರೆ ನಡಿಯತ್ತಾ?" ಎಂದ.

ಕಣ್ಣು ತೆರೆಯಿರಿ ಎಂದಾಗ ತೆರೆದೆವು. ಎದುರಿಗೆ ಮುಖ್ಯೋಪಾಧ್ಯಾಯ ಕ್ರೇಗ್ ಬೋವೆನ್ ನಿಂತಿದ್ದ. ರಜೆ ಹಾಕಿದವರ ತರಗತಿಗೆ ಬದಲಿ ಶಿಕ್ಷಕರು ಸಿಗುತ್ತಿಲ್ಲ, ಆದ್ದರಿಂದ ನಾಳೆಯಿಂದ ನಮ್ಮ ಬಿಡುವಿನ ಅವಧಿಯಲ್ಲಿ ನಾವೇ ಹೋಗಿ ಆ ಮಕ್ಕಳನ್ನು ನೋಡಿಕೊಳ್ಳಬೇಕು ಎಂದ. ಆಮೇಲೆ ಎಲ್ಲರಿಗೂ ಮೊಸರಿನ ಮೇಲೆ ಹಣ್ಣು ಹಾಕಿದ ಲೋಟ ಕೊಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಪ್ರತಿದಿನ ಮೂರು ಸಂಗತಿಗಳಿಗೆ ಕೃತಜ್ಞತೆ ಬರೆಯಿರಿ ಎಂದಿದ್ದಾಳೆ ಶೆಲ್ಬಿ. ಬರೆಯುತ್ತೇನೆ. ನನ್ನ ಬಿಡುವಿನ ಅವಧಿ ಕಿತ್ತುಕೊಂಡದ್ದಕ್ಕೆ ಕೃತಜ್ಞಳು. ಅದನ್ನು ಕಿತ್ತುಕೊಂಡ ದಿನವೇ ಉಸಿರಾಡಲು ಹೇಳಿಕೊಟ್ಟದ್ದಕ್ಕೆ ಕೃತಜ್ಞಳು. ಆ ಮೊಸರು ಹುಳಿಯಾಗಿತ್ತು, ಅದಕ್ಕೂ.

ಜನವರಿ 14, ಮಂಗಳವಾರ

ಪಕ್ಕದ ತರಗತಿಯ ಗದ್ದಲಕ್ಕೆ ಇಂದು ನನ್ನ ಗೋಡೆಯ ಮೇಲಿನ ಭೂಪಟ ಬಿತ್ತು. ಸುಳ್ಳಲ್ಲ. ಆ ಕಡೆಯಿಂದ ಯಾರೋ ಗೋಡೆಗೆ ಕುರ್ಚಿ ಗುದ್ದಿದ್ದಾರೆ.

ಸೆಪ್ಟೆಂಬರಿನಲ್ಲಿ ಬಂದ ಹುಡುಗಿ, ನದೀನ್ ಡಿಫೋ. ಇದು ಅವಳ ಮೊದಲ ವರ್ಷ. ಅವಳೂ ನಾನೂ ಏಳನೆಯ ತರಗತಿಯ ಒಂದೊಂದು ಗುಂಪಿಗೆ ಗಣಿತ, ವಿಜ್ಞಾನ ಎರಡನ್ನೂ ಕಲಿಸುತ್ತೇವೆ. ಪಾಠ ಒಂದೇ, ಪುಸ್ತಕ ಒಂದೇ. ನನ್ನ ಕೋಣೆಯಲ್ಲಿ ಸೂಜಿ ಬಿದ್ದರೆ ಕೇಳಿಸುತ್ತದೆ, ಅವಳ ಕೋಣೆಯಲ್ಲಿ ಆಕಾಶ ಬಿದ್ದರೂ ಕೇಳಿಸದು.

ಸೀಮೆಸುಣ್ಣ ಕೆಳಗಿಟ್ಟು ಹೋಗಿ ಅವಳ ಬಾಗಿಲಲ್ಲಿ ನಿಂತೆ. ಒಂದು ಮಾತೂ ಆಡಲಿಲ್ಲ. ಕುರ್ಚಿಗಳು ನೆಲಕ್ಕಿಳಿದವು, ಬಾಯಿಗಳು ಮುಚ್ಚಿದವು. ತಿರುಗಿ ಬಂದೆ. ಶಿಸ್ತು ಎಂದರೆ ಅದು.

ರಾತ್ರಿ ಊಟದ ಹೊತ್ತಿಗೆ ರೂಡಿಗೆ ಹೇಳಿದೆ. ನನ್ನ ಗಂಡ ರೈಲ್ವೆ ಕಾರ್ಖಾನೆಯಲ್ಲಿ ಎಂಜಿನ್ ರಿಪೇರಿ ಮಾಡುವವನು, ಮಾತು ಕಡಿಮೆ. ಸೂಪು ಹೀರುತ್ತಾ, "ನೀನು ಈಚೆ ಬಂದ ತಕ್ಷಣ ಮತ್ತೆ ಶುರುವಾಗಿರತ್ತೆ," ಎಂದ.

ಶುರುವಾಗಿತ್ತು. ಆದರೆ ಅವನಿಗೆ ಯಾಕೆ ಹೇಳಬೇಕು?

ಜನವರಿ 23, ಗುರುವಾರ

ಕಾಗದ ತರಲು ಉಗ್ರಾಣದ ಬಾಗಿಲು ತೆಗೆದರೆ ಪೆಟ್ಟಿಗೆಯೊಂದರ ಮೇಲೆ ಕೂತು ನದೀನ್ ಅಳುತ್ತಿದ್ದಳು. ಸದ್ದು ಹೊರಗೆ ಹೋಗದಿರಲೆಂದು ಚಳಿಯಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡಿದ್ದಳು.

ನಾನೆಂದೂ ಶಾಲೆಯಲ್ಲಿ ಅತ್ತವಳಲ್ಲ. ಅತ್ತರೆ ಮನೆಯಲ್ಲಿ, ಪಾತ್ರೆ ತೊಳೆಯುವಾಗ, ನಲ್ಲಿ ಬಿಟ್ಟುಕೊಂಡು. ಏನು ಹೇಳಬೇಕೋ ತಿಳಿಯದೆ, "ಮೊದಲ್ನೇ ವರ್ಷ ಎಲ್ರಿಗೂ ಕಷ್ಟ. ಗಟ್ಟಿಯಾಗ್ಬೇಕಮ್ಮ," ಎಂದೆ.

ಅವಳು ಮುಖ ಒರೆಸಿಕೊಂಡಳು. "ಮಿಸೆಸ್ ಹಕಾಲಾ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು."

"ಹೇಳು."

"ಇನ್ಮೇಲೆ ನನ್ ಬಾಗಿಲಲ್ಲಿ ಬಂದು ನಿಂತ್ಕೊಬೇಡಿ. ನೀವು ಬಂದಾಗ ಸುಮ್ನಾಗ್ತಾರೆ, ಸರಿ. ಆದ್ರೆ ನೀವು ಬಂದು ಹೋದಾಗೆಲ್ಲ ನಾನು ಅವರ ಕಣ್ಣಲ್ಲಿ ಒಂದು ಮೆಟ್ಲು ಕೆಳಗಿಳೀತೀನಿ."

ಎಷ್ಟು ಕೊಬ್ಬು! ಮುಳುಗುವವಳಿಗೆ ಕೈ ಕೊಟ್ಟರೆ ಕೈ ಒರಟಾಗಿದೆ ಎನ್ನುವ ಜಾತಿ. ಕಾಗದ ತೆಗೆದುಕೊಳ್ಳದೆಯೇ ಬಂದುಬಿಟ್ಟೆ. ಮಧ್ಯಾಹ್ನದ ಪರೀಕ್ಷೆಯನ್ನು ಬೋರ್ಡಿನ ಮೇಲೆಯೇ ಬರೆದು ಮಾಡಿಸಬೇಕಾಯಿತು.

ಫೆಬ್ರವರಿ 4, ಮಂಗಳವಾರ

ಬೋವೆನ್ ಕರೆದಿದ್ದ. ಬಾಗಿಲು ಮುಚ್ಚಿಕೊಂಡ. ಅವನು ಬಾಗಿಲು ಮುಚ್ಚಿದರೆ ಯಾರದೋ ತಲೆ ಉರುಳುತ್ತದೆ.

"ಇರ್ಮಾ, ನೀವು ಹಿರಿಯರು. ನದೀನ್ ಡಿಫೋನ ಮುಂದಿನ ವರ್ಷಕ್ಕೆ ಇಟ್ಕೊಳೋದಾ ಬೇಡ್ವಾ ಅಂತ ಮೇ ತಿಂಗಳಲ್ಲಿ ಹೇಳ್ಬೇಕು. ನಿಮ್ಗೆ ಗೋಡೆ ಆಚೆ ಎಲ್ಲಾ ಕೇಳಿಸತ್ತೆ. ಆಗಾಗ ನಂಗೂ ಸ್ವಲ್ಪ ಕೇಳಿಸ್ತಾ ಇರಿ."

"ಗೂಢಚಾರಿಕೆ ಮಾಡು ಅಂತೀರಾ?"

"ಛೆ ಛೆ, ಮಾರ್ಗದರ್ಶನ. ಹೋಗಿ ಅವಳ ಪಾಠ ನೋಡಿ, ನಾಲ್ಕು ಮಾತು ಹೇಳ್ಕೊಡಿ."

"ಯಾವಾಗ ಹೋಗ್ಲಿ? ನನ್ ಬಿಡುವನ್ನ ನೀವೇ ತಿಂದ್ಹಾಕಿದೀರಲ್ಲ!"

ಕೋಪ ನೆತ್ತಿಗೇರಿದಾಗ ಬಾಯಿಗೆ ಏನು ಬರುತ್ತದೆಂದು ಹೇಳಲಾಗದು. ಗುರುವಾರದ ಕೊನೆಯ ಅವಧಿ ಎರಡೂ ಗುಂಪನ್ನು ಗ್ರಂಥಾಲಯದಲ್ಲಿ ಒಟ್ಟಿಗೆ ಕೂರಿಸಿ, ಒಬ್ಬರು ಕಲಿಸುತ್ತೇವೆ, ಇನ್ನೊಬ್ಬರು ನೋಡುತ್ತೇವೆ ಎಂದೆ. ಬೇಡ ಎನ್ನುತ್ತಾನೆಂದೇ ಹೇಳಿದ್ದು. ಅವನು ಕೈ ಬೀಸಿ, "ಮಾಡ್ಕೊಳಿ. ಸದ್ದು ನನ್ ತನಕ ಬರ್ಬಾರ್ದು ಅಷ್ಟೆ," ಎಂದ.

ಈಗ ಮಾಡಬೇಕು. ನನ್ನ ಬಾಯಿಗೆ ಬೀಗ ಹಾಕಬೇಕು.

ಫೆಬ್ರವರಿ 6, ಗುರುವಾರ

ಸಿಟ್ಟಿಗೆ ಅಕ್ಷರ ನೆಟ್ಟಗೆ ಬೀಳುತ್ತಿಲ್ಲ.

ಇಂದು ನಾನು ಕಲಿಸಿದೆ, ಅವಳು ಹಿಂದೆ ಕೂತು ನೋಡಿದಳು. ಭಿನ್ನರಾಶಿಗಳ ಭಾಗಾಕಾರ. ಕಣ್ಣು ಕಟ್ಟಿ ನಿಲ್ಲಿಸಿದರೂ ಕಲಿಸಬಲ್ಲ ಪಾಠ. ಅವಳ ಪುಂಡರೂ ಬಾಯಿ ಬಿಡಲಿಲ್ಲ. ಗಂಟೆ ಹೊಡೆದು ಮಕ್ಕಳು ಹೋದ ಮೇಲೆ, ಕಲಿತದ್ದನ್ನು ಹೇಳಲಿ ಎಂದು ಕಾದೆ.

"ತುಂಬಾ ಚೆನ್ನಾಗಿ ಮಾಡಿದ್ರಿ. ಒಂದು ಮಾತು ಹೇಳ್ಲಾ?" ಎಂದಳು.

"ಹೇಳಮ್ಮ."

"ನೀವು ಪ್ರಶ್ನೆ ಕೇಳಿದ್ದೆಲ್ಲ ಮುಂದೆ ಕೂತಿರೋ ಅದೇ ನಾಲ್ಕು ಮಕ್ಕಳಿಗೆ. ಕಿಟಕಿ ಹತ್ರ ಒಬ್ಬಳು ಕೂತಿದ್ಲು, ನಿಮ್ ಗುಂಪಿನವಳೇ. ಕೈ ಎತ್ತಿದ್ಲು. ನೀವು ನೋಡ್ಲಿಲ್ಲ. ಇನ್ನೊಂದ್ಸಲ ಅರ್ಧ ಎತ್ತಿದ್ಲು. ಆಮೇಲೆ ಕೈನ ತೊಡೆ ಕೆಳಗೆ ಇಟ್ಕೊಂಡು ಕೂತ್ಬಿಟ್ಲು."

ಅಲ್ಲಾ, ಮೊನ್ನೆ ಕಣ್ಣು ಬಿಟ್ಟವಳು ನನಗೆ ಕಣ್ಣಿಲ್ಲ ಎನ್ನುತ್ತಾಳೆ! ಕುಣಿಯಲಾರದವಳು ತನ್ನ ನೆಲವಷ್ಟೇ ಅಲ್ಲ, ಪಕ್ಕದವಳ ನೆಲವೂ ಡೊಂಕು ಎಂದಳಂತೆ. "ನಿನ್ ಕೋಣೆಯಲ್ಲಿ ಕುರ್ಚಿ ಹಾರ್ತವೆ, ಮೊದ್ಲು ಅದನ್ನ ನೋಡ್ಕೋ," ಎಂದೆ. ಅವಳ ಮುಖ ಕೆಂಪಾಯಿತು. ಆದರೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಫೆಬ್ರವರಿ 7, ಶುಕ್ರವಾರ

"ಅವಳು ಹೇಳಿದ್ದು ನಿಜಾನಾ?" ಎಂದು ರೂಡಿ ಕೇಳಿದ.

ಬಾಣಲೆಯಲ್ಲಿದ್ದ ಮೀನು ಸೀದುಹೋಯಿತು.

ಫೆಬ್ರವರಿ 13, ಗುರುವಾರ

ಇಂದು ಅವಳ ಸರದಿ. ನೋಡಲಾಗದು. ಮಕ್ಕಳನ್ನು ಬೇಡಿಕೊಳ್ಳುತ್ತಾಳೆ. "ದಯವಿಟ್ಟು ಕೇಳಿಸ್ಕೊಳ್ತೀರಾ?" ಅಂತೆ. ಕೇಳಿಸಿಕೊಳ್ಳುವುದು ಅವರ ದಯೆಯೇ?

ಆದರೆ ಮಂಜುಗಡ್ಡೆಯ ಮೇಲೆ ದಾರ ಇಟ್ಟು, ಉಪ್ಪು ಉದುರಿಸಿ, ದಾರ ಎತ್ತಿದಾಗ ಗಡ್ಡೆಯೂ ಮೇಲೆ ಬಂತಲ್ಲ, ಆಗ ಎರಡೂ ಗುಂಪಿನ ಮಕ್ಕಳು ಕುರ್ಚಿ ಬಿಟ್ಟು ಮುಂದೆ ಬಂದರು. ಕುರ್ಚಿ ಗುದ್ದುವ ಡಲ್ಲಾಸ್ ಕೂಡ. ನನ್ನ ಪಾಠಕ್ಕೆ ಯಾರೂ ಎದ್ದು ಮುಂದೆ ಬಂದಿಲ್ಲ. ಬರಲು ನಾನು ಬಿಡುವುದೂ ಇಲ್ಲ. ಎಲ್ಲ ಕೈಯಲ್ಲಿದೆ ಎನ್ನುವಾಗ ಅವಳು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದಳು, ಬೆನ್ನ ಹಿಂದೆ ಸಂತೆ ಶುರುವಾಯಿತು.

"ಬೆನ್ನು ತೋರಿಸ್ಬೇಡ. ಬರೆಯೋದಿದ್ರೆ ಮಕ್ಕಳ ಕೈಲಿ ಬರೆಸು. ಅದ್ರಲ್ಲೂ ಡಲ್ಲಾಸ್ ಕೈಲಿ ಬರೆಸು," ಎಂದೆ.

"ಅವನ ಅಕ್ಷರ ಯಾರಿಗೂ ಅರ್ಥ ಆಗಲ್ಲ."

"ಒಳ್ಳೇದೇ ಆಯ್ತು. ಎಲ್ರೂ ಬಾಯ್ ಮುಚ್ಕೊಂಡು ಕಣ್ ಕಿರಿದು ಮಾಡ್ಕೊಂಡು ಓದ್ತಾರೆ."

ನಕ್ಕಳು. ನಾನು ನಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ.

ಅಂದಹಾಗೆ ಆ ಕಿಟಕಿಯ ಹುಡುಗಿ ಡೆಲೈಲಾ ನಿನ್ನೆ ಒಂದು ಲೆಕ್ಕವನ್ನು ನಾನು ಹೇಳಿಕೊಡದ ದಾರಿಯಲ್ಲಿ ಬಿಡಿಸಿದಳು. ನನ್ನ ದಾರಿಗಿಂತ ಹತ್ತಿರದ ದಾರಿ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೋ, ಮಕ್ಕಳೇ ಹೀಗೆ.

ಫೆಬ್ರವರಿ 27, ಗುರುವಾರ

ಗ್ರಂಥಾಲಯ ಕಾಫಿ ಅಂಗಡಿಯಾಗಿದೆ. ಬಜ್ ಮ್ರಾಕ್ "ಏನೋ ಮಜಾ ಮಾಡ್ತಿದೀರಂತೆ" ಎನ್ನುತ್ತಾ ಬಂದ. ಅವನ ಹಿಂದೆ ಚಿತ್ರಕಲೆಯವಳು, ಅವಳ ಹಿಂದೆ ಇನ್ನಿಬ್ಬರು. ಪಾಠ ಮುಗಿದು ಮಕ್ಕಳು ಬಸ್ಸು ಹತ್ತಿದರೂ ಇವರು ಏಳಲಿಲ್ಲ. ಯಾರೋ ದಾಲ್ಚಿನ್ನಿ ಬನ್ ಬೇರೆ ತಂದಿದ್ದರು. ಪುಸ್ತಕಗಳ ಮೇಲೆಲ್ಲ ಚೂರು.

ನದೀನ್ ಸುಮ್ಮನೆ ಕೇಳಿದಳು, "ಬಜ್, ನಿಮ್ಗೆ ಯಾವತ್ತಾದ್ರೂ ಸಾಕು ಅನ್ಸಿದೆಯಾ?"

ಬಜ್ ಜೋಕು ಹೊಡೆಯುತ್ತಾನೆಂದು ಎಲ್ಲರೂ ನಗಲು ತುಟಿ ಸಿದ್ಧ ಮಾಡಿಕೊಂಡೆವು. ಅವನು ಬನ್ ಮುರಿಯುತ್ತಾ, "ಭಾನುವಾರ ಸಾಯಂಕಾಲ ನಂಗೆ ವಾಂತಿ ಆಗತ್ತೆ. ಸುಮಾರು ವರ್ಷದಿಂದ. ಸೋಮವಾರ ನೆನೆಸ್ಕೊಂಡ್ರೆ," ಎಂದ.

ಮದುವೆಯಾದಂದಿನಿಂದ ನಾನು ಇವನನ್ನು ಬಲ್ಲೆ. ಮಂಜುಗಡ್ಡೆಗೆ ತೂತು ಕೊರೆದು ಹಿಡಿದ ಮೀನುಗಳ ಬಗ್ಗೆ, ಅವನ ಹಳೆಯ ಟ್ರಕ್ಕಿನ ಬಗ್ಗೆ ನಾವು ಆಡಿದ ಮಾತನ್ನು ಗುಡ್ಡೆ ಹಾಕಿದರೆ ನಮ್ಮ ಬಂದರಿಗೆ ಬರುವ ಅದಿರು ಹಡಗು ತುಂಬೀತು. ನನಗೆ ಎಲ್ಲಿಲ್ಲದ ಕೋಪ ಬಂತು. "ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?" ಎಂದು ಗದರಿದೆ.

"ಯಾರು ಕೇಳಿದ್ರೇ?" ಎಂದ.

ಯಾರೂ ಬನ್ ತಿನ್ನಲಿಲ್ಲ ಆಮೇಲೆ. ಉಳಿದದ್ದನ್ನು ಮನೆಗೆ ತಂದೆ. ರೂಡಿ ತಿಂದ.

ಮಾರ್ಚ್ 11, ಮಂಗಳವಾರ

ಬೋವೆನ್ ಮತ್ತೆ ಬಾಗಿಲು ಮುಚ್ಚಿಕೊಂಡ. "ಏನ್ ನೋಡಿದ್ರಿ?"

"ಕಲಿಸಕ್ಕೆ ಬರತ್ತೆ ಅವಳಿಗೆ. ಇಟ್ಕೊಳಿ."

"ತಂದೆ ತಾಯಿ ದೂರು ಕೊಡ್ತಿದಾರೆ ಇರ್ಮಾ. ಅವಳ ಗುಂಪು ಕೈ ಮೀರಿ ಹೋಗಿದೆ."

ಇಲ್ಲಿ ನನ್ನ ತಾಳ್ಮೆ ತಪ್ಪಿತು. "ಆ ಗುಂಪು ಮಾಡಿದ್ಯಾರು? ಹಳಬರಿಗೆ ಒಳ್ಳೊಳ್ಳೆ ಮಕ್ಕಳು, ಹೊಸಬಳಿಗೆ ಉಳಿದೋರು. ಯಾಕಂದ್ರೆ ಹಳಬರು ಕೂಗಾಡ್ತಾರೆ, ಹೊಸಬಳು ಬಾಯ್ ಮುಚ್ಕೊಂಡು ಉಗ್ರಾಣದಲ್ಲಿ ಅಳ್ತಾಳೆ. ಈಜು ಬರ್ದಿರೋಳನ್ನ ನಡುನೀರಿಗೆ ತಳ್ಳಿ, ದಡದಲ್ಲಿ ನಿಂತು ಮುಳುಗಿದ್ಲು ಅಂತ ಬರ್ಕೊಳ್ತೀರಾ?"

"ಹಾಗಾದ್ರೆ ನೀವೇ ತಗೊಳಿ ಆ ಗುಂಪನ್ನ."

"ತಗೋತೀನಿ!"

ಏಪ್ರಿಲ್ ಒಂದರಿಂದ ಅದಲು ಬದಲು, ಅವಳ ಗುಂಪು ನನಗೆ, ನನ್ನದು ಅವಳಿಗೆ. ನದೀನ್‌ಗೆ ಹೇಳಿದಾಗ ಅವಳು ಸಂತೋಷಪಡಲಿಲ್ಲ. "ನನ್ನ ಕೇಳ್ದೇನೇ ಒಪ್ಕೊಂಡ್ರಾ? ಈಗೀಗ ಡಲ್ಲಾಸ್ ನನ್ ಮಾತು ಕೇಳ್ತಿದ್ದ," ಎಂದಳು. ಉಪಕಾರ ಮಾಡಿದವರಿಗೆ ಈ ಊರಲ್ಲಿ ಇದೇ ಗತಿ.

ಮಾರ್ಚ್ 20, ಗುರುವಾರ

ಸರೋವರದ ಹೆಂಗಸು ಶೆಲ್ಬಿ ಬಂದಿದ್ದಳು. ಈ ಸಲ ಮೃದುವಾದ ಪುಟ್ಟ ಚೆಂಡು ಹಂಚಿದಳು, ಹಿಸುಕಿಕೊಳ್ಳಲು. ಅವಳನ್ನು ನಾಲ್ಕು ಮಾತು ಬೈಯದೆ ಬಿಡಬಾರದೆಂದು ಹಿಂದೆಯೇ ಹೋದೆ. ವಾಹನ ನಿಲ್ಲಿಸುವ ಜಾಗದಲ್ಲಿ, ಕಾರಿನೊಳಗೆ ಕೂತು, ಎಂಜಿನ್ ಹಾಕದೆ, ಚಳಿಯಲ್ಲಿ ಬ್ರೆಡ್ಡು ತಿನ್ನುತ್ತಿದ್ದಳು. ಕಿಟಕಿ ತಟ್ಟಿದೆ.

"ಈ ಚೆಂಡು ಹಿಸುಕಿದ್ರೆ ನನ್ ಬಿಡುವಿನ ಅವಧಿ ವಾಪಸ್ ಬರತ್ತಾ?"

"ಇಲ್ಲ," ಎಂದಳು.

ಇಷ್ಟು ಬೇಗ ಒಪ್ಪಿಕೊಂಡರೆ ಬೈಯುವುದು ಹೇಗೆ?

"ನಾನೂ ಕಲಿಸ್ತಿದ್ದೆ. ನಾಲ್ಕನೇ ತರಗತಿಗೆ," ಎಂದಳು. "ಒಂದಿನ ಬೆಳಗ್ಗೆ ಶಾಲೆ ಮುಂದೆ ಕಾರು ನಿಲ್ಲಿಸ್ದೆ. ಬಾಗಿಲು ತೆಗಿಯಕ್ಕೆ ಕೈನೇ ಬರ್ಲಿಲ್ಲ. ಮಕ್ಕಳು ಒಳಗೆ ಹೋದ್ರು, ಗಂಟೆ ಹೊಡೀತು, ನಾನು ಕೂತೇ ಇದ್ದೆ. ನಾನಿದ್ದಷ್ಟು ಕಾಲ ನನ್ ಕೋಣೆಗೆ ಸಹಾಯಕ್ಕೆ ಅಂತ ಯಾರೂ ಬರ್ಲಿಲ್ಲ. ಬಂದ ಒಬ್ಬಿಬ್ರು ಪಟ್ಟಿ ಮೇಲೆ ಗುರುತು ಹಾಕ್ಕೊಂಡು ಹೋದ್ರು. ಉಸಿರಾಟದಿಂದ ಆಗಲ್ಲ ಅಂತ ನಂಗೂ ಗೊತ್ತು ಮೇಡಂ. ನನ್ ಕೈಗೆ ಕೊಟ್ಟಿರೋದು ಅದಷ್ಟೇ."

ಗಾಳಿ ಮುಖ ಕೊಯ್ಯುತ್ತಿತ್ತು. ನನಗೆ ಬೈಯಲು ಒಬ್ಬೊಬ್ಬರೇ ಇಲ್ಲವಾಗುತ್ತಿದ್ದಾರೆ, ಅದೂ ಒಂದು ಕೋಪ. "ಮುಂದಿನ ಗುರುವಾರ ಕೊನೇ ಅವಧಿಗೆ ಗ್ರಂಥಾಲಯಕ್ಕೆ ಬಾ. ಬಾಯಿ ಮುಚ್ಕೊಂಡು ಕೂತ್ಕೊಳೋದಾದ್ರೆ ಮಾತ್ರ. ಚೆಂಡು ತರ್ಬೇಡ," ಎಂದು ಹೇಳಿ ಬಂದೆ.

ಏಪ್ರಿಲ್ 2, ಬುಧವಾರ

ನದೀನ್‌ಳ ಗುಂಪನ್ನು ತೆಗೆದುಕೊಂಡು ಎರಡು ದಿನವಾಯಿತು. ಬಾಗಿಲಲ್ಲಿ ಬಂದು ನಿಲ್ಲುವ ಹಕಾಲಾಳನ್ನು ಕಂಡರೆ ಅವರಿಗೆ ಹೆದರಿಕೆ. ದಿನವೂ ಎದುರಿಗೆ ನಿಂತಿರುವ ಹಕಾಲಾಳನ್ನು ಕಂಡರೆ ಏನೂ ಇಲ್ಲ.

ಏಪ್ರಿಲ್ 3, ಗುರುವಾರ

ಬರೆಯಬಾರದು ಅಂದುಕೊಂಡಿದ್ದೆ.

ಊಟದ ಅವಧಿ ಮುಗಿದ ಮೇಲೆ ಡಲ್ಲಾಸ್ ಪೆನ್ಸಿಲಿನಿಂದ ಮೇಜು ಬಡಿಯುತ್ತಿದ್ದ. ನಿಲ್ಲಿಸು ಎಂದೆ. ನಿಲ್ಲಿಸಿದ. ಬೋರ್ಡಿನ ಕಡೆ ತಿರುಗಿದೆ. ಹೌದು, ನಾನೇ, ಬೆನ್ನು ತೋರಿಸಿದೆ. ಮತ್ತೆ ಬಡಿದ. ಇಡೀ ತರಗತಿ ಬಡಿಯತೊಡಗಿತು. ಕೂಗಿದೆ. ಗಂಟಲು ಒಡೆದು ಕೀರಲು ಸದ್ದು ಬಂತು. ನಗು.

"ನಿಮ್ಗೂ ನಮ್ಮನ್ನ ಸುಮ್ನಿರ್ಸಕ್ಕೆ ಬರಲ್ಲ ಅಲ್ವಾ ಮಿಸ್?" ಎಂದ ಡಲ್ಲಾಸ್. ಗೇಲಿಯಿಂದಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ.

ಅವನ ಮೇಜಿನ ಮೇಲೆ ಪುಸ್ತಕವನ್ನು ಕುಕ್ಕಿದೆ. ಅವನು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಮೇಜಿನ ಕೆಳಕ್ಕೆ ಕುಗ್ಗಿದ. ಕಣ್ಣು ಮಿಟುಕಿಸುವಷ್ಟರಲ್ಲಿ. ಹೊಡೆತ ತಿಂದು ಅಭ್ಯಾಸವಿದ್ದ ಮಕ್ಕಳಷ್ಟೇ ಅಷ್ಟು ಬೇಗ ಕುಗ್ಗುತ್ತಾರೆ.

ಎಲ್ಲ ನಿಂತುಹೋಯಿತು. ಹೊರಗೆ ಬಂದೆ. ಮೊಗಸಾಲೆಯ ಲಾಕರುಗಳಿಗೆ ಒರಗಿ ನಿಂತೆ, ಆಮೇಲೆ ಹಾಗೇ ಜಾರಿ ನೆಲದ ಮೇಲೆ ಕೂತೆ. ಮಕ್ಕಳನ್ನು ಬಿಟ್ಟು ಹೊರಗೆ ಬಂದ ಶಿಕ್ಷಕಿ, ನೆಲದ ಮೇಲೆ ಕೂತವಳು, ನಾನು.

ನದೀನ್ ಬಂದಳು. ಏನಾಯಿತು ಎಂದು ಕೇಳಲಿಲ್ಲ. ಗಟ್ಟಿಯಾಗಬೇಕು ಎಂದೂ ಹೇಳಲಿಲ್ಲ. ತನ್ನ ನೀರಿನ ಬಾಟಲಿಯನ್ನು ನನ್ನ ಕೈಗಿಟ್ಟು, "ಕುಡೀರಿ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತ್ಕೊಳಿ. ಎರಡೂ ಬಾಗಿಲು ತೆಗೆದಿಡ್ತೀನಿ, ನಾನು ನೋಡ್ಕೋತೀನಿ," ಎಂದಳು. ಎರಡು ಕೋಣೆಗಳ ನಡುವೆ ನಿಂತು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗುತ್ತಾ ಪಾಠ ಮಾಡಿದಳು. ನನ್ನ ತರಗತಿಯ ಬಾಗಿಲಲ್ಲಿ ನಿಂತೇ ಮಾಡಿದಳು, ಒಳಗೆ ಹೋಗಲಿಲ್ಲ. ಗದ್ದಲವೇನೋ ಇತ್ತು. ನನಗೇನೂ ಅನ್ನಿಸಲಿಲ್ಲ.

ಕೋಪ ಬಂದಿದೆ. ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಪುಸ್ತಕ ಕುಕ್ಕಿದ ಈ ಕೈಗಳ ಮೇಲೆ.

ಏಪ್ರಿಲ್ 4, ಶುಕ್ರವಾರ

ಎಲ್ಲರೆದುರಿಗೇ ಡಲ್ಲಾಸ್‌ಗೆ ಹೇಳಿದೆ, "ನಿನ್ನೆ ಪುಸ್ತಕ ಕುಕ್ಕಿದ್ದು ನನ್ ತಪ್ಪು. ಇನ್ನೊಂದ್ಸಲ ಆಗಲ್ಲ."

"ಪರ್ವಾಗಿಲ್ಲ ಮಿಸ್, ಬರೀ ಪುಸ್ತಕ ತಾನೆ," ಎಂದ.

ಬರೀ ಪುಸ್ತಕ! ಮಕ್ಕಳ ಆಪ್ತ ಸಲಹೆಗಾರ್ತಿಯ ಕೋಣೆಗೆ ನೇರವಾಗಿ ನಡೆದೆ. ಬೀಗ. ಒಬ್ಬಳೇ ಹೆಂಗಸು, ಹಲವು ಶಾಲೆಗಳ ನಡುವೆ ಓಡಾಡುತ್ತಾಳೆ, ನಮ್ಮ ಪಾಲಿಗೆ ಮಂಗಳವಾರ. ಮಗುವಿನ ಸಂಕಟ ಮಂಗಳವಾರದ ತನಕ ಕಾಯಬೇಕಂತೆ! ಬೋವೆನ್‌ನ ಕೋಣೆಗೆ ಹೋಗಿ, ಅವನ ಮೇಜಿನ ಫೋನನ್ನೇ ಎತ್ತಿಕೊಂಡು, ಮಕ್ಕಳ ರಕ್ಷಣೆಯವರಿಗೆ ಹೇಳಬೇಕಾದ್ದನ್ನು ಹೇಳಿದೆ. ಬೋವೆನ್ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಗೊತ್ತಾಗುತ್ತಿತ್ತು.

ಏಪ್ರಿಲ್ 24, ಗುರುವಾರ

ಡಲ್ಲಾಸ್ ಈಗ ಚಿಕ್ಕಮ್ಮನ ಮನೆಯಲ್ಲಿದ್ದಾನೆ. ಮೇಜು ಬಡಿಯುವುದನ್ನು ಬಿಟ್ಟಿಲ್ಲ. ಇಂದು ಬೋರ್ಡಿನ ಮೇಲೆ ಅವನ ಕೈಯಲ್ಲೇ ಬರೆಸಿದೆ, ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಓದಿದರು.

ಗ್ರಂಥಾಲಯದಲ್ಲಿ ಇಂದು ಕುರ್ಚಿ ಸಾಲಲಿಲ್ಲ. ಶೆಲ್ಬಿ ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಮಾತಿಗೆ ತಪ್ಪಲಿಲ್ಲ. ಮಕ್ಕಳು ಹೋದ ಮೇಲೆ ಆವತ್ತು ನೆಲದ ಮೇಲೆ ಕೂತದ್ದನ್ನು ಎಲ್ಲರಿಗೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಬನ್ನು ಜಾಸ್ತಿ ತಿಂದಿದ್ದೆ, ಬಹುಶಃ ಅದಕ್ಕೆ.

"ನಿಮ್ಗೂ ಹಂಗಾಗತ್ತಾ?" ಎಂದು ಚಿತ್ರಕಲೆಯವಳು ಕೇಳಿದಳು.

"ನಾನೇನು ಮರದ ಕೊರಡಾ?" ಎಂದೆ.

"ನಾವು ಹಂಗೇ ಅಂದ್ಕೊಂಡಿದ್ವಿ," ಎಂದ ಬಜ್. ಎಲ್ಲರೂ ನಕ್ಕರು. ದರಿದ್ರದವನು.

ಮೇ 6, ಮಂಗಳವಾರ

ಬೆಂಕಿ ಹಚ್ಚಬೇಕು ಈ ಶಾಲೆಗೆ.

ನದೀನ್‌ಳನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತಾರೆ. ಅದು ಸರಿ. ಆದರೆ ಗುರುವಾರದ ಅವಧಿ ಮುಂದಿನ ವರ್ಷ ಇಲ್ಲ. ಆ ಹೊತ್ತಿಗೆ ರಾಜ್ಯದ ಪರೀಕ್ಷೆಗೆ ತಯಾರಿಯಂತೆ. ಬದಲಿಗೆ ಶೆಲ್ಬಿಯ ಉಸಿರಾಟ ತಿಂಗಳಿಗೆ ಎರಡು ಸಲ. ಶೆಲ್ಬಿಯೇ ಬೇಡ ಎಂದಿದ್ದಾಳಂತೆ, ಕೇಳುವವರಿಲ್ಲ. ಬದುಕಿಸಿದ ಔಷಧಿಯನ್ನು ಚರಂಡಿಗೆ ಸುರಿದು ಖಾಲಿ ಶೀಶೆಗೆ ಪೂಜೆ ಮಾಡುವ ಜನ.

ಇದಕ್ಕಿಂತ ದೊಡ್ಡ ಹುಚ್ಚು ನದೀನ್‌ಳದ್ದು. ಗುರುವಾರದ ಅವಧಿ ಇಲ್ಲದಿದ್ದರೆ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದು ಬೋವೆನ್‌ನ ಮುಖಕ್ಕೇ ಹೇಳಿ ಬಂದಿದ್ದಾಳೆ.

"ಹುಚ್ಚೀ, ಮೊದ್ಲು ಸಹಿ ಹಾಕು! ಜಗಳ ಆಮೇಲೆ ಆಡೋಣ," ಎಂದು ಕಿರುಚಿದೆ.

"ಸಹಿ ಹಾಕ್ದ ಮೇಲೆ ನನ್ ಜಗಳಕ್ಕೆ ಏನ್ ಬೆಲೆ?"

"ಕೆಲಸ ಹೋದ್ರೆ?"

"ಜನವರಿಯಲ್ಲೇ ಬಿಟ್ಟು ಹೋಗೋಳಿದ್ದೆ ನಾನು. ಪೆಟ್ಟಿಗೆ ಕಟ್ಟಿಟ್ಟಿದ್ದೆ," ಎಂದಳು. "ಉಳಿಸಿದ್ದು ಇವರ ಸಂಬಳ ಅಲ್ಲ. ಆ ಗುರುವಾರಗಳು. ಅವು ಇಲ್ದಿದ್ರೆ ಮುಂದಿನ ಜನವರಿಗೆ ನಾನು ಮತ್ತೆ ಅದೇ ಉಗ್ರಾಣದಲ್ಲಿರ್ತೀನಿ. ನೀವು ನಿಮ್ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡಿರ್ತೀರ."

ಬಾಗಿಲು ಹಾಕಿಕೊಂಡೇ ಇಷ್ಟು ವರ್ಷ ಕಲಿಸಿದವಳು ನಾನು ಎಂದು ಹೇಳಲು ಹೊರಟೆ. ಹೇಳದೆ ಬಜ್‌ನನ್ನು ಹುಡುಕಿಕೊಂಡು ಹೋದೆ.

"ಅವಳು ಹೋದ್ರೆ ಬೋವೆನ್ ಬೇರೆಯವರನ್ನ ಹುಡುಕ್ತಾನಂತೆ," ಎಂದು ಬಜ್‌ಗೆ ಹೇಳಿದೆ.

"ನಮ್ಮೂರು ಈ ಪೋರ್ಟ್ ಆಲ್ಡೆನ್ನಿಗಾ? ಯಾರು ಬರ್ತಾರೆ, ಕಡಲಹಕ್ಕಿನಾ?" ಎಂದ.

ಮೇ 9, ಶುಕ್ರವಾರ

ಬೆಳಗ್ಗೆ ಕಾರಿನಲ್ಲಿ ಬರುವಾಗಲೇ ಬೋವೆನ್‌ಗೆ ಆಡಬೇಕಾದ ಮಾತನ್ನೆಲ್ಲ ಜೋರಾಗಿ ಹೇಳಿಕೊಂಡು ಅಭ್ಯಾಸ ಮಾಡಿದೆ. ಗುರುವಾರ ಹೋದರೆ ಇನ್ನೊಬ್ಬರ ತರಗತಿ ನೋಡಿಕೊಳ್ಳಲು ನಾನು ಹೋಗುವುದಿಲ್ಲ, ಕಡ್ಡಾಯವೆಂದರೆ ಶಿಕ್ಷಕರ ಸಂಘದ ಮುಂದೆ ಬನ್ನಿ ಎಂದು. ಒಬ್ಬಳೇ ಆದರೂ ಸರಿ ಎಂದು ಹಲ್ಲು ಕಚ್ಚಿಕೊಂಡು ಅವನ ಕೋಣೆಯ ಕಡೆ ತಿರುಗಿದರೆ, ಹೊರಗಿನ ಬೆಂಚು ಭರ್ತಿಯಾಗಿತ್ತು. ಬಜ್, ಚಿತ್ರಕಲೆಯವಳು, ಆರನೇ ತರಗತಿಯ ಮೂವರು, ಗ್ರಂಥಾಲಯದಲ್ಲಿ ಒಮ್ಮೆಯೂ ಬಾಯಿ ಬಿಡದ ಸಂಗೀತದವನು.

"ಸಾಲಲ್ಲಿ ಬಾರೇ," ಎಂದ ಬಜ್. "ಇಲ್ಲೂ ಮುಂದೆ ನುಗ್ಗಬೇಡ."

ಒಬ್ಬೊಬ್ಬರಾಗಿ ಒಳಗೆ ಹೋದೆವು. ಎಲ್ಲರೂ ಹೇಳಿದ್ದು ಒಂದೇ. ನನ್ನ ಸರದಿ ಬರುವ ಹೊತ್ತಿಗೆ ಬೋವೆನ್ ಟೈ ಸಡಿಲ ಮಾಡಿಕೊಂಡಿದ್ದ. ಕಾರಿನಲ್ಲಿ ಅಭ್ಯಾಸ ಮಾಡಿದ್ದರಲ್ಲಿ ಒಂದು ಮಾತನ್ನೂ ಆಡಲು ಬಿಡದೆ, "ಆಯ್ತು ಇರ್ಮಾ, ಆಯ್ತು. ಇರ್ಲಿ ಗುರುವಾರ. ಪರೀಕ್ಷೆ ತಯಾರಿನ ಬೇರೆ ಕಡೆ ಹಾಕ್ತೀನಿ," ಎಂದ. ಎಷ್ಟು ಚೆನ್ನಾಗಿ ಜೋಡಿಸಿಟ್ಟಿದ್ದ ಬೈಗುಳ, ಎಲ್ಲ ವ್ಯರ್ಥ.

ಅದಕ್ಕೊಂದು ಹೆಸರಿಟ್ಟು, ಭಿತ್ತಿಪತ್ರ ಮಾಡಿಸಿ, ಜಿಲ್ಲಾ ಕಚೇರಿಗೆ ತೋರಿಸಬೇಕಂತೆ. ಹೆಸರಿಟ್ಟರೆ ಹರಿದುಹಾಕುತ್ತೇನೆ ಎಂದೆ.

ಮೇ 15, ಗುರುವಾರ

ನದೀನ್ ಸಹಿ ಹಾಕಿದಳು. ಹಾಕಿ ಬಂದು ನನ್ನ ಮೇಜಿನ ಮೂಲೆಯ ಮೇಲೆ ಕೂತಳು. ಮೇಜಿನ ಮೇಲೆ ಕೂರಬೇಡ ಎಂದು ಎಷ್ಟು ಸಲ ಹೇಳಬೇಕು ಇವಳಿಗೆ?

"ಸೆಪ್ಟೆಂಬರಿನ ಮೊದಲ್ನೇ ಗುರುವಾರ ಎಲ್ರೂ ನೋಡೋದು ಯಾರ ಪಾಠ ಅಂತ ಬೋವೆನ್ ಕೇಳಿದ್ರು. ಇನ್ನೂ ಎರಡು ಶಾಲೆಯಿಂದ ಜನ ಬರ್ತಾರಂತೆ," ಎಂದಳು.

"ಯಾರದ್ದು?"

"ನಿಮ್ದು ಅಂದೆ."

"ನನ್ನ ಕೇಳ್ದೇನೇ ಒಪ್ಕೊಂಡ್ಯಾ?"

"ನಿಮ್ಮಿಂದಾನೇ ಕಲ್ತಿದ್ದು."

ಬೋರ್ಡು ಒರೆಸುವ ಬಟ್ಟೆಯನ್ನು ಅವಳತ್ತ ಎಸೆದೆ. ತಪ್ಪಿಸಿಕೊಂಡು ಓಡಿದಳು. ಸುಣ್ಣದ ಧೂಳೆಲ್ಲ ನನ್ನ ಮೈಮೇಲೆಯೇ.

ಮನೆಗೆ ಬಂದಾಗಿನಿಂದ ಅಡುಗೆಮನೆಯಲ್ಲಿ ಶತಪಥ ಹಾಕುತ್ತಿದ್ದೇನೆ. ರೂಡಿ, "ಅದಕ್ಕೇನು, ಭಿನ್ನರಾಶಿ ಮಾಡ್ಬಿಡು. ಕಣ್ ಕಟ್ಟಿದ್ರೂ ಮಾಡ್ತೀನಿ ಅಂತೀಯಲ್ಲ," ಎಂದ. ಎಂಜಿನ್ ರಿಪೇರಿ ಮಾಡುವವನಿಗೆ ಏನು ಗೊತ್ತು! ಓಡುವ ಎಂಜಿನ್ನನ್ನು ಕಾರ್ಖಾನೆಗೆ ತರುತ್ತಾರೆಯೇ?

ಋಣಸಂಖ್ಯೆಗಳ ಗುಣಾಕಾರ. ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗಾಗುತ್ತದೆ ಎಂದು ಪ್ರತಿವರ್ಷವೂ ಯಾವುದಾದರೂ ಮಗು ಕೇಳುತ್ತದೆ. "ನಿಯಮ ಹಾಗಿದೆ, ಬರ್ಕೊಳಿ" ಎನ್ನುತ್ತೇನೆ ಪ್ರತಿವರ್ಷವೂ. ಮಗು ಬರೆದುಕೊಳ್ಳುತ್ತದೆ, ಅದರ ಮುಖದಲ್ಲಿ ಏನೋ ಆರಿಹೋಗುತ್ತದೆ. ಮಕ್ಕಳಿಗೆ ತಿಳಿಯುವ ಹಾಗೆ ಹೇಳಲು ನನಗೆ ಬರುವುದಿಲ್ಲ. ಎಂದೂ ಬಂದಿಲ್ಲ.

ಅದನ್ನೇ ಮಾಡುತ್ತೇನೆ. ಮೂರು ಶಾಲೆಯವರೂ ಸಾಲಾಗಿ ಕೂತು ನೋಡಲಿ, ನನಗೆ ಎಲ್ಲಿ ಬರುವುದಿಲ್ಲವೆಂದು. ನೋಡಿದ ಮೇಲೆ ಮಾತ್ರ ಸುಮ್ಮನೆ ಎದ್ದು ಹೋಗುವ ಹಾಗಿಲ್ಲ. ಹೇಗೆ ಕಲಿಸುವುದೆಂದು ನನಗೆ ಹೇಳಿಕೊಟ್ಟೇ ಹೋಗಬೇಕು, ಒಬ್ಬರನ್ನೂ ಬಿಡುವುದಿಲ್ಲ.